ಯಜಮಾನರ ಬಿಪಿ

ಸಂತೆಬಾಚಹಳ್ಳಿ ಕಡೆಯ ಆ ಮನೆಯಲ್ಲಿ ಬಿಪಿ ಇದ್ದದ್ದು ಯಜಮಾನರಾದ ಚಿಕ್ಕಸಿದ್ದಯ್ಯನವರಿಗೆ ಮಾತ್ರ. ಒಮ್ಮೆ ಹಾಲಿನ ಡೈರಿಗೆ ಡೈರೆಕ್ಟರಾಗಿದ್ದವರು. ಪದವಿ ಹೋದರೂ ಬಿಪಿ ಉಳಿದುಕೊಂಡಿತ್ತು. ಎಂದೋ ಡೈರಿ ಚುನಾವಣೆಯಲ್ಲಿ ಕೂಗಾಡಿ ಬಂದ ದಿನ ಡಾಕ್ಟರೊಬ್ಬರು ಪಟ್ಟಿ ಸುತ್ತಿ ನೋಡಿ, "ಸ್ವಲ್ಪ ಜಾಸ್ತಿ ಇದೆ, ಇನ್ನೊಂದು ಸಲ ಬನ್ನಿ" ಅಂದಿದ್ದರು. ಇವರು ಮತ್ತೆ ಹೋಗಲಿಲ್ಲ. ಇದ್ದ ಬಿಪಿಯನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ?

ಅಂದಿನಿಂದ ಹೆಂಡತಿ ಚಲುವಮ್ಮ ಎದುರು ಮಾತಾಡಿದ್ದಿಲ್ಲ. "ನಂಗೆ ಬಿಪಿ ಏರುಸ್ಬ್ಯಾಡ ಕಣಮ್ಮೀ!" ಎಂದರೆ ಮುಗಿಯಿತು. ಅವರಿಗೆಂದೇ ಉಪ್ಪಿಲ್ಲದ ಸಾರು ಬೇರೆ ಕುದಿಯುತ್ತಿತ್ತು. "ಥೂ, ಕಲಗಚ್ಚು!" ಎಂದು ಅವರು ತಳ್ಳಿದ್ದಕ್ಕೆ ಉಪ್ಪು ಹಾಕಿಕೊಂಡು ತಾನೇ ಉಣ್ಣುತ್ತಿದ್ದಳು. ದನ, ಹುಲ್ಲು, ಡೈರಿಗೆ ಹಾಲು ಎಲ್ಲ ಅವಳದೇ. ದಿಬ್ಬ ಹತ್ತುವಾಗ ಉಸಿರು ಸಿಕ್ಕಿಕೊಂಡರೆ ಕ್ಯಾನು ಕೆಳಗಿಟ್ಟು ನಿಲ್ಲುತ್ತಿದ್ದಳು. ಮನೆಯಲ್ಲಿ ಹೇಳಲಿಲ್ಲ, ಅಲ್ಲಿ ರೋಗಿಯ ಜಾಗ ಖಾಲಿ ಇರಲಿಲ್ಲ.

ಒಂದು ದಿನ, ಊರಿನ ಮನೆಮನೆಗೂ ಹೋಗಿ ಬಿಪಿ ನೋಡುತ್ತಿದ್ದ ನರ್ಸ್ ಚೈತ್ರ ಇಲ್ಲಿಗೂ ಬಂದು ಇಬ್ಬರ ತೋಳಿಗೂ ಪಟ್ಟಿ ಸುತ್ತಿದಳು.

"ಯಜಮಾನ್ರೇ, ನಿಮ್ದು ನಾರ್ಮಲ್ಲು. ಅಮ್ಮಂದೇ ಬಾಳ ಜಾಸ್ತಿ ಅದೆ."

"ನಿನ್ ಮಿಸೀನು ಕೆಟ್ಟೋಗದೆ ನೋಡ್ಕಳವ್ವ. ಮನೇಲಿ ಕುಂತಿರೋಳ್ಗೆ ಯಾತರ ಬಿಪಿ?"

ಚೈತ್ರಳ ಒತ್ತಾಯಕ್ಕೆ ಇಬ್ಬರೂ ಹೋದಾಗ, ಕೆ.ಆರ್. ಪೇಟೆಯಲ್ಲಿ ಚಲುವಮ್ಮನ ಎದೆಯ ಸ್ಕ್ಯಾನು ಮಾಡಿದ ಡಾಕ್ಟರು, "ವರ್ಷಗಟ್ಟಲೆ ಏರಿದ ರಕ್ತದ ಒತ್ತಡಕ್ಕೆ ಎದುರಾಗಿ ದುಡಿದೂ ದುಡಿದೂ ಇವರ ಹೃದಯದ ಸ್ನಾಯು ದಪ್ಪಗಾಗಿದೆ. ಇಷ್ಟಕ್ಕೇ ತಡೆಯಬೇಕು. ಮಾತ್ರೆ ಒಂದು ದಿನವೂ ತಪ್ಪಬಾರದು" ಎಂದರು. ಚಿಕ್ಕಸಿದ್ದಯ್ಯನವರು ತಮ್ಮದನ್ನೂ ನೋಡಿ ಎಂದು ಅಂಗಿ ಬಿಚ್ಚಿದರು. ಅಲ್ಲೇನೂ ಸಿಗಲಿಲ್ಲ. ಬಸ್ಸಿನಲ್ಲಿ ಊರು ತಲುಪುವ ತನಕ ಹೆಂಡತಿಯೊಡನೆ ಮಾತು ಬಿಟ್ಟಿದ್ದರು.

ಸುದ್ದಿ ತಿಳಿದು ನೆಂಟರು ನೋಡಲು ಬಂದರು. ದಿಂಬಿಗೊರಗಿ ಮಂಚದ ಮೇಲೆ ಕೂತವರು ಯಜಮಾನರು. ಚಲುವಮ್ಮನ ಮಾತ್ರೆಯ ಡಬ್ಬಿ ಅವರ ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವಂತೆ.

"ನನ್ ಬಿಪಿಗೆ ಎದ್ರೀ ಎದ್ರೀ, ಪಾಪ, ಅವಳ್ಗೆ ಇಂಗಾಯ್ತು ಕಣ್ಲಾ" ಎಂದು ವಿವರಿಸುತ್ತಿದ್ದರು.

ಒಳಗೆ ತಂಗಿ ಬೆಟ್ಟಮ್ಮ ಕೇಳಿದಳು: "ಮಾತ್ರೆ ನುಂಗ್ದೇನಕ್ಕ?"

"ಡಬ್ಬಿ ಅವ್ರ ತಾವದೆ. ನೆಂಟ್ರ ಮುಂದೆ ಕೇಳುದ್ರೆ ಬಿಪಿ ಏರುಸ್ಕತಾರೆ. ಇವ್ರೆಲ್ಲ ಓಗ್ಲಿ ಬುಡು."

"ನಿನ್ನೇನೂ ಇಂಗೇ ಅಂದೆ."

"ನಿನ್ನೇನೂ ಬಂದಿದ್ರಲ್ಲವ್ವ."

ಬಾಗಿಲಲ್ಲಿ ಇನ್ನೊಂದು ಬೈಕು ನಿಂತಿತು. "ಬನ್ರಪ್ಪ, ಬನ್ನಿ! ಅಮ್ಮೀ, ಇನ್ನೆರಡು ಕಾಪಿ!" ಎಂದು ಮಂಚದಿಂದ ಕೂಗು ಬಂತು.

ಚಲುವಮ್ಮ ಗೋಡೆ ಹಿಡಿದು ಎದ್ದು, ಹಾಲು ಒಲೆಗಿಟ್ಟಳು.