ಸುಂದರನ ವೇಷ, ವಾರಿಜಳ ಫೋನು

ನನ್ನ ತಮ್ಮ ಸುಂದರ ಉಡುಪಿಯ ಹತ್ತಿರ ಪರ್ಕಳದ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಬಾಗಿಲು ಜಜ್ಜಿಹೋದ ಕಾರು ಅವನ ಕೈಗೆ ಬಂದರೆ, ಹೋಗುವಾಗ ಎಲ್ಲಿ ಗುದ್ದಿತ್ತೆಂದು ಗುದ್ದಿದವನಿಗೇ ತಿಳಿಯುವುದಿಲ್ಲ. ವರ್ಷವಿಡೀ ಇದೇ ಕೆಲಸ. ಕೃಷ್ಣಾಷ್ಟಮಿ ಬಂತೆಂದರೆ ಮಾತ್ರ ಅವನು ಕಾರನ್ನು ಬಿಟ್ಟು ತನಗೇ ಬಣ್ಣ ಹೊಡೆದುಕೊಳ್ಳುತ್ತಾನೆ.

ಹುಲಿವೇಷದವರು ತಂಡ ಕಟ್ಟಿಕೊಂಡು ತಾಸೆ ಬಡಿಸಿಕೊಂಡು ಬರುತ್ತಾರೆ. ಸುಂದರನದ್ದು ಒಂಟಿ ವೇಷ. ಅದೂ ಪ್ರತಿ ವರ್ಷ ಬೇರೆ. ಏನು ವೇಷ ಎಂದು ಆ ದಿನದವರೆಗೆ ಯಾರಿಗೂ ಹೇಳುವುದಿಲ್ಲ. ನನಗೊಬ್ಬಳಿಗೆ ಗೊತ್ತಿರುತ್ತದೆ, ಯಾಕೆಂದರೆ ಹೊಲಿಯುವುದು ನಾನು, ಅಡಗಿಸಿಡುವುದು ನನ್ನ ಮನೆಯ ಅಟ್ಟದಲ್ಲಿ. ಅವನ ಮನೆಗೂ ನನ್ನ ಮನೆಗೂ ನಡುವೆ ದಾಸವಾಳದ ಬೇಲಿ ಮಾತ್ರ. ಒಂದು ವರ್ಷ ಕರಡಿಯಾದ. ಒಂದು ವರ್ಷ ಸಿಮೆಂಟಿನ ಮೂರ್ತಿಯಾಗಿ ಅಲ್ಲಾಡದೆ ನಿಂತ. ಬಸ್ಸಿಗೆ ಕಾಯುವ ಹೆಂಗಸೊಬ್ಬಳು ಅವನ ಕಾಲ ಬಳಿ ಚೀಲ ಇಟ್ಟು, ಬೆನ್ನು ಒರಗಿಸಿ ಸುಧಾರಿಸಿಕೊಂಡಳು.

ವಾರಿಜ ಅವನ ಹೆಂಡತಿ. ಮದುವೆಯಾದ ವರ್ಷದಿಂದಲೂ ಅವರಿಬ್ಬರ ನಡುವೆ ಒಂದು ಪಂಥವಿದೆ. ವಿಟ್ಲಪಿಂಡಿಯ ದಿನ, ಎಂದರೆ ಅಷ್ಟಮಿಯ ಮರುದಿನ, ಅವಳು ಪರ್ಕಳದ ಬಸ್‌ಸ್ಟ್ಯಾಂಡಿನ ಬೇಕರಿ ಎದುರು ನಿಲ್ಲಬೇಕು. ಅವನು ವೇಷದಲ್ಲಿ ಅವಳ ಕೈಗೆಟುಕುವಷ್ಟು ಹತ್ತಿರ ಬಂದು ಒಂದಾದರೂ ಮಾತಾಡಿ ಹೋಗಬೇಕು. ಗುರುತಿಸಿ ಕೈ ಹಿಡಿದಳೋ, ಅಲ್ಲಿಗೆ ಅವನ ವೇಷ ಮುಗಿಯಿತು. ಮತ್ತೆಂದೂ ಹಾಕುವಂತಿಲ್ಲ.

ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಮೊದಲೆಲ್ಲ ಅದು ತಮಾಷೆಯೇ ಆಗಿತ್ತು. ಆದರೆ ಕಳೆದ ವರ್ಷ ಸುಂದರ ಮೈಗೆಲ್ಲ ಹಸಿರು ಬಣ್ಣ ಬಳಿದು ಮಿಡತೆಯಾದ. ಬಣ್ಣ ಹೋಯಿತು, ತುರಿಕೆ ಹೋಗಲಿಲ್ಲ. ಮಳೆ ನಿಂತು ಚಳಿ ಹಿಡಿದರೂ ಅವನು ಬೆನ್ನನ್ನು ಬಾಗಿಲ ದಾರಂದಕ್ಕೆ ಉಜ್ಜುತ್ತಲೇ ಇದ್ದ. ಚರ್ಮದ ಡಾಕ್ಟರು ಗದರಿಸಿ ಕಳುಹಿಸಿದರು.

“ಈ ಸಲ ಹಿಡಿದೇ ಹಿಡಿಯುತ್ತೇನೆ ಅಕ್ಕ,” ಎಂದಳು ವಾರಿಜ. “ಅರವತ್ತು ಹತ್ತಿರ ಬಂತು. ಇವರ ಮೈ ಎಂತ, ಕಾರಿನ ಬಾನೆಟ್ಟಾ?”

ಅವಳ ಮಾತು ಸರಿ. ಆದರೆ ವೇಷವಿಲ್ಲದ ಸುಂದರನನ್ನು ನೆನೆಸಿದರೆ ನನಗೆ ಬೇಸರವಾಗುತ್ತಿತ್ತು. ಅಷ್ಟಮಿಗೆ ಮುಂಚಿನ ಆಟಿ ತಿಂಗಳು ಹುಟ್ಟಿತೆಂದರೆ ಅವನ ನಡಿಗೆಯೇ ಬೇರೆ. ಬೇಲಿ ದಾಟುವಾಗ ಶಿಳ್ಳೆ ಹಾಕುತ್ತಾನೆ. ಆ ಶಿಳ್ಳೆ ವರ್ಷದಲ್ಲಿ ಮತ್ತೆ ಯಾವಾಗಲೂ ಕೇಳುವುದಿಲ್ಲ.

ಈ ಸಲ ಅವನ ಮನಸ್ಸಿಗೆ ಬಂದದ್ದು ಚಂದ್ರನ ಮೇಲೆ ನಡೆಯುವವನ ವೇಷ. ಅವನ ಹಳೆಯ ಫೋನು ಕೆಟ್ಟು, ಮಗಳು ಮೋಕ್ಷಾ ಹೊಸದು ತೆಗೆದುಕೊಟ್ಟಿದ್ದಳು. ಅವನು ಅಕ್ಷರ ಒತ್ತುವವನಲ್ಲ, ಬಾಯಲ್ಲೇ ಕೇಳುವವನು. ನನ್ನ ಜಗಲಿಯಲ್ಲಿ ಕುಳಿತು, “ಚಂದ್ರನ ಮೇಲೆ ಹೋಗುವವರ ಅಂಗಿ ತೋರಿಸು,” ಎನ್ನುತ್ತಿದ್ದ. ಬೆಳ್ಳಿ ಬೂಟು, ಬೆಳ್ಳಿ ಗ್ಲೌಸು, ಮುಖಕ್ಕೆ ಬೆಳ್ಳಿ ಬಣ್ಣ, ಎಲ್ಲವನ್ನೂ ಕೇಳಿದ. ಬಿಸಿಲಿಗೆ ಕಾರಿನ ಗಾಜಿಗೆ ಅಡ್ಡ ಇಡುವ ಹೊಳೆಯುವ ಹಾಳೆಗಳನ್ನು ಗ್ಯಾರೇಜಿನಿಂದ ತಂದ. ನಾನು ಹೊಲಿದೆ. ಸೂಜಿ ಮುರಿಯಿತು, ಬೇರೆ ಹಾಕಿ ಹೊಲಿದೆ.

ಒಂದು ಮಧ್ಯಾಹ್ನ ನಾನು ಗೆರಸೆಯಲ್ಲಿ ಎಲೆ ಹರಡಿಕೊಂಡು ಬೀಡಿ ಕಟ್ಟುತ್ತಿದ್ದಾಗ ವಾರಿಜ ಬಂದು ಪಕ್ಕದಲ್ಲಿ ಕುಳಿತಳು.

“ಅಕ್ಕ, ನನ್ನ ಫೋನಿಗೆ ಎಂತ ಆಗಿದೆ ನೋಡಿ. ಬೆಳಿಗ್ಗೆ ಎದ್ದರೆ ಬೆಳ್ಳಿ ಬೂಟು. ಊಟಕ್ಕೆ ಕೂತರೆ ಬೆಳ್ಳಿ ಗ್ಲೌಸು. ನಾನು ಕೇಳಿದ್ದು ಪತ್ರೊಡೆಯ ಕೆಸುವಿನೆಲೆ ಬಾಯಿ ತುರಿಸದ ಹಾಗೆ ಎಂತ ಮಾಡುವುದು ಅಂತ.”

“ಹೌದಾ?”

“ಹುಡುಕುವ ಜಾಗ ಮುಟ್ಟಿದರೆ ತಾನಾಗಿಯೇ ಕೆಳಗೆ ಬರ್ತದೆ, ಚಂದ್ರನ ಮೇಲೆ ಹೋಗುವವರ ಅಂಗಿ ಅಂತ. ನಮ್ಮ ಮನೆಯಲ್ಲಿ ಚಂದ್ರನಿಗೆ ಹೋಗುವವರು ಯಾರಕ್ಕ?”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗೆರಸೆಯತ್ತ ಬಗ್ಗಿದೆ.

“ಎಲೆ ತುಂಬ ಒಣಗಿದೆ ಈ ಸಲ,” ಎಂದೆ.

ಅವಳು ನಗುತ್ತಾ ಎದ್ದು ಹೋದಳು.

ಸಂಜೆ ಮೋಕ್ಷಾ ಮಣಿಪಾಲದ ಕೆಲಸದಿಂದ ಬರುವುದನ್ನೇ ಕಾದು, ಬೇಲಿಯ ಬಳಿ ನಿಲ್ಲಿಸಿ ಕೇಳಿದೆ. ಒಬ್ಬರು ಒಂದು ಫೋನಿನಲ್ಲಿ ಕೇಳಿದ್ದು ಇನ್ನೊಬ್ಬರ ಫೋನಿಗೆ ಹೇಗೆ ಹೋಗುತ್ತದೆ?

“ಅಪ್ಪನದ್ದೂ ಅಮ್ಮನದ್ದೂ ಒಂದೇ ಅಕೌಂಟ್ ಮಾಮಿ. ಬೇರೆ ಮಾಡುವುದು ರಗಳೆ ಅಂತ ಅಮ್ಮನದ್ದನ್ನೇ ಅಪ್ಪನ ಫೋನಿಗೂ ಹಾಕಿದ್ದೆ. ಹುಡುಕಿದ್ದೆಲ್ಲ ಆ ಅಕೌಂಟಿನಲ್ಲಿ ನೆನಪಿರ್ತದೆ. ಜಾಹೀರಾತೂ ಅದನ್ನು ನೋಡಿಯೇ ಬರುವುದು.”

ನನಗೆ ಅರ್ಥವಾಯಿತು. ಒಂದೇ ಬಾವಿಗೆ ಎರಡು ಹಗ್ಗ. ಒಬ್ಬರು ಬಿಟ್ಟ ಕೊಡಪಾನ ಇನ್ನೊಬ್ಬರ ಕೈಗೆ ಬರುತ್ತದೆ.

“ನೆನಪಿಡದ ಹಾಗೆ ಹುಡುಕಲಿಕ್ಕೆ ಆಗುವುದಿಲ್ವಾ?”

“ಆಗ್ತದೆ. ಬ್ರೌಸರಿನಲ್ಲಿ ಗುಟ್ಟಿನ ಕಿಟಕಿ ಅಂತ ಬೇರೆ ಉಂಟು. ಅದರಲ್ಲಿ ನೋಡಿ ಮುಚ್ಚಿದರೆ ಫೋನಿನಲ್ಲಿ ಗುರುತು ಉಳಿಯುವುದಿಲ್ಲ. ಆದರೆ ನೀವು ಯಾವ ಅಂಗಡಿಯ ಪುಟಕ್ಕೆ ಹೋದಿರೋ ಅವರಿಗೆ ಯಾರೋ ಬಂದದ್ದು ಗೊತ್ತಾಗ್ತದೆ. ಪೂರಾ ಮಾಯ ಆಗುವುದು ಅಂತ ಇಲ್ಲ.” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರಿಗೆ ಮಾಮಿ, ನಿಮಗಾ? ಈ ಪ್ರಾಯದಲ್ಲಿ ನಿಮಗೆ ಎಂತ ಗುಟ್ಟು?”

“ಗುಟ್ಟಿಗೆ ಪ್ರಾಯ ಉಂಟಾ ಮಾರಾಯ್ತಿ?” ಎಂದು ನಾನು ಒಳಗೆ ಬಂದೆ.

ಸುಂದರನಿಗೆ ಎಲ್ಲವನ್ನೂ ಹೇಳಿದೆ. ಅವನು ಅಟ್ಟದ ಏಣಿಯ ಮೇಲೆ ಕುಳಿತ. ಕೇಳಿದ್ದನ್ನೆಲ್ಲ ಅಳಿಸಿಬಿಡುವ ದಾರಿಯೂ ಇರಬಹುದು, ಮೋಕ್ಷಾಳನ್ನು ಕೇಳು ಎಂದೆ. ಅವನು ಬಹಳ ಹೊತ್ತು ತಲೆ ತುರಿಸಿಕೊಂಡ.

“ಅಳಿಸಿದರೆ ಅಳಿಸಿದ್ದು ಅವಳಿಗೆ ಗೊತ್ತಾಗ್ತದೆ ಅಕ್ಕ. ಕಾರಿನ ಬಣ್ಣ ಕೆರೆದು ಬಿಟ್ಟರೆ ಎಲ್ಲರ ಕಣ್ಣು ಅಲ್ಲಿಗೇ ಹೋಗುವುದು. ಕೆರೆಯಬಾರದು. ಬಣ್ಣದ ಮೇಲೆ ಬಣ್ಣ ಹೊಡೆಯಬೇಕು.”

ಅಂದಿನಿಂದ ಅವನು ಇನ್ನೂ ಗಟ್ಟಿಯಾಗಿ ಫೋನಿಗೆ ಹೇಳತೊಡಗಿದ. ಚಂದ್ರನ ಬೂಟು, ಚಂದ್ರನ ಚೀಲ, ಚಂದ್ರನಲ್ಲಿ ಊಟ ಹೇಗೆ, ಶೌಚ ಹೇಗೆ. ವಾರಿಜಳ ಫೋನಿನಲ್ಲಿ ಬೆಳ್ಳಿ ಸುರಿಯಿತು. ಅವಳೂ ಹಾಡಿಕೊಂಡು ಓಡಾಡುತ್ತಿದ್ದಳು. ಹೊಲಿದ ಅಂಗಿಯನ್ನು ಅವನು ಗ್ಯಾರೇಜಿನ ವೆಲ್ಡರ್ ಡೆನ್ವರನಿಗೆ ಒಪ್ಪಿಸಿದ. ಉದ್ಯಾವರದ ಡೆನ್ವರ್ ಎತ್ತರದಲ್ಲಿ ಸುಂದರನಷ್ಟೇ.

ತನಗೆ ಏನು ವೇಷ ಎಂಬುದನ್ನು ಅವನು ಯಾವ ಫೋನಿಗೂ ಕೇಳಲಿಲ್ಲ. ನನ್ನ ಪೆಟ್ಟಿಗೆ ತೆರೆದು ನಮ್ಮ ಅಮ್ಮನ ಸೀರೆ ತೆಗೆದ. ಅಮ್ಮ ಕಾಪುವಿನಲ್ಲಿ ಮಲ್ಲಿಗೆ ಮಾರುತ್ತಿದ್ದರು. ಬುಟ್ಟಿಯನ್ನು ಸೊಂಟಕ್ಕೆ ಆನಿಸುವ ರೀತಿ, ಮಾತಿನ ಮೊದಲು ಸಣ್ಣಗೆ ಕೆಮ್ಮುವುದು, ಎಲ್ಲ ಅವನಿಗೆ ನೆನಪಿತ್ತು. ವಾರಿಜ ಈ ಮನೆಗೆ ಬರುವ ಮೊದಲೇ ಅಮ್ಮ ತೀರಿಹೋಗಿದ್ದರು.

ವಿಟ್ಲಪಿಂಡಿಯ ಬೆಳಿಗ್ಗೆ ನನ್ನ ಬಚ್ಚಲಿನಲ್ಲಿ ಮೀಸೆ ಬೋಳಿಸಿ, ಮುಖಕ್ಕೆ ಪೌಡರು ಮಾತ್ರ ಹಾಕಿ, ತಲೆಗೆ ಸೆರಗು ಹೊದ್ದು ಹೊರಟ. ಹೂ ಕಟ್ಟಿದ್ದು ನಾನು.

ಬೇಕರಿಯ ಎದುರು ನಾನು ವಾರಿಜಳ ಜೊತೆಯಲ್ಲೇ ನಿಂತೆ. ಅವಳ ಕಣ್ಣು ರಸ್ತೆಯ ತುದಿಯಲ್ಲಿ. ಹೂವಿನ ಮುದುಕಿ ಕೆಮ್ಮುತ್ತ ಬಂದಳು.

“ಮಲ್ಲಿಗೆ ಬೇಕಾ ಮಗಾ?”

“ಒಂದು ಚೆಂಡಿಗೆ ಎಷ್ಟಜ್ಜಿ?” ಬೆಲೆ ಕೇಳಿ ವಾರಿಜ ಹುಬ್ಬೇರಿಸಿದಳು. “ಇದು ಮಲ್ಲಿಗೆಯಾ ಬಂಗಾರವಾ?”

“ಬಂಗಾರ ಬಾಡುವುದಿಲ್ಲ, ಇದು ಬಾಡ್ತದೆ. ಬೇಗ ತಗೋ.”

ವಾರಿಜ ನಗುತ್ತಾ ಹೂ ಮುಡಿದಳು. ಕಣ್ಣು ಮಾತ್ರ ರಸ್ತೆ ಬಿಡಲಿಲ್ಲ.

“ಯಾರನ್ನು ಕಾಯುವುದು?”

“ನಮ್ಮವರನ್ನು. ವೇಷ ಹಾಕಿ ಬರ್ತಾರೆ. ಇವತ್ತು ಹಿಡಿಯಬೇಕು.”

“ಹಿಡಿಯಲಿಕ್ಕೆ ಅವನೆಂತ ಕಳ್ಳನಾ?”

“ಅಲ್ಲಜ್ಜಿ, ಒಳ್ಳೆಯವರೇ. ವೇಷವೂ ಚಂದ ಮಾಡ್ತಾರೆ, ಅದನ್ನು ಅವರಿಗೆ ಹೇಳಿದರೆ ಉಬ್ಬಿ ಹೋಗ್ತಾರೆ. ಆ ಸುಡುಗಾಡು ಬಣ್ಣ ಹಚ್ಚಿ ರಾತ್ರಿ ನಿದ್ದೆ ಇಲ್ಲದೆ ತುರಿಸಿಕೊಳ್ಳುವುದು ನನಗೆ ನೋಡ್ಲಿಕ್ಕೆ ಆಗುವುದಿಲ್ಲ.”

ಮುದುಕಿ ಬುಟ್ಟಿಯ ಬಾಳೆಲೆ ಸರಿಮಾಡುತ್ತ ನಿಂತಳು.

ಆಗ ಚಂದ್ರನವನು ಬಂದ. ತಲೆಗೆ ಹೆಲ್ಮೆಟ್ಟು, ಮೈಯೆಲ್ಲ ಥಳಥಳ, ತೇಲುವವನ ಹಾಗೆ ನಿಧಾನ ಹೆಜ್ಜೆ. ವಾರಿಜ ನನ್ನ ಕೈಗೆ ಚೀಲ ಕೊಟ್ಟು ಓಡಿ ಹೋಗಿ ಅವನ ಎರಡೂ ಕೈ ಹಿಡಿದಳು.

“ಮುಗೀತು. ಇನ್ನು ಮನೆಗೆ ನಡೀರಿ.”

ಚಂದ್ರನವನು ಹೆಲ್ಮೆಟ್ಟಿನ ಗಾಜು ಎತ್ತಿದ. “ವಾರಿಜಕ್ಕ, ನಾನು ಡೆನ್ವರ್. ಕೈ ಬಿಡಿ ಮಾರ್ರೆ, ಆಚೆ ಬದಿಯಲ್ಲಿ ನನ್ನ ಹೆಂಡತಿ ನೋಡ್ತಾ ಇದ್ದಾಳೆ.”

ವಾರಿಜ ಬೇಕರಿಯ ಕಡೆ ತಿರುಗಿದಳು. ಹೂವಿನ ಮುದುಕಿ ಕೈ ಚಾಚಿಕೊಂಡು ನಿಂತಿದ್ದಳು.

“ಹೂವಿನ ದುಡ್ಡು ಕೊಡಲಿಲ್ಲ ನೀನು,” ಎಂದಳು, ಸುಂದರನ ಸ್ವರದಲ್ಲಿ.

ವಾರಿಜ ಬಂದು ಬೇಕರಿಯ ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎದ್ದು ಬಂದು ಬೆರಳಿನಿಂದ ಅವನ ಕೆನ್ನೆ ಒರಸಿ ನೋಡಿದಳು. ಬೆರಳಿಗೆ ಹತ್ತಿದ್ದು ಪೌಡರು ಮಾತ್ರ.

“ಮೀಸೆ ಎಲ್ಲಿ?”

“ಅಕ್ಕನ ಬಚ್ಚಲಲ್ಲಿ.”

“ನಾನು ಹೇಳಿದ್ದೆಲ್ಲ ಕೇಳಿಸಿತಾ?”

“ಕೇಳಿಸಿತು. ಚಂದ ಮಾಡ್ತೇನಂತೆ.”

“ಅದರ ನಂತರದ್ದು?”

“ಅದೂ ಕೇಳಿಸಿತು,” ಎಂದ ಸುಂದರ ಮೆಲ್ಲಗೆ. “ಇನ್ನು ಮೈಗೆ ಬಣ್ಣ ಹಚ್ಚುವುದಿಲ್ಲ. ವೇಷ ಬಿಡು ಅಂತ ಮಾತ್ರ ಹೇಳಬೇಡ.”

“ಪಂಥದಲ್ಲಿ ಸೋತವಳು ನಾನು. ಹೇಗೆ ಹೇಳುವುದು?” ಎಂದಳು ವಾರಿಜ.

ಮರುವಾರ ಮೋಕ್ಷಾ ಇಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿಕೊಟ್ಟಳು. ವಾರಿಜಳ ಫೋನಿನಲ್ಲಿ ಆಮೇಲೂ ಕೆಲವು ದಿನ ಬೆಳ್ಳಿ ಬೂಟು ಬರುತ್ತಿತ್ತು. ಸುಂದರನ ಮೀಸೆ ದೀಪಾವಳಿಯ ಹೊತ್ತಿಗೆ ಮೊದಲಿನಂತಾಯಿತು.

ಮೊನ್ನೆ ವಾರಿಜ ಬೇಲಿ ದಾಟಿ ಬಂದಳು. ಮೋಕ್ಷಾ ಅವಳಿಗೆ ಗುಟ್ಟಿನ ಕಿಟಕಿ ತೆರೆಯಲು ಕಲಿಸಿದ್ದಾಳೆ. ಅದರಲ್ಲಿ ಒಂದು ವೇಷದ ಚಿತ್ರ ತೋರಿಸಿ, “ಇದನ್ನು ಹೊಲಿಯಲಿಕ್ಕೆ ಆಗ್ತದಾ ಅಕ್ಕ, ನನ್ನ ಅಳತೆಗೆ? ಇವರಿಗೆ ಹೇಳಬೇಡಿ,” ಎಂದಳು. ಆಗುತ್ತದೆ ಎಂದೆ. ಅವಳು ಕಿಟಕಿ ಮುಚ್ಚಿ ಹೋದಳು. ಅದು ಯಾವ ಚಿತ್ರ ಎಂದು ನಾನೂ ಬರೆಯುವುದಿಲ್ಲ.

ಸಂಜೆ ಸುಂದರ ಬಂದು ಜಗಲಿಯಲ್ಲಿ ಕುಳಿತ.

“ವಾರಿಜ ಎಂತಕ್ಕೆ ಬಂದದ್ದು ಅಕ್ಕ? ಮನೆಗೆ ಬಂದವಳು ಒಬ್ಬಳೇ ನಗ್ತಾ ಇದ್ದಾಳೆ.”

ನಾನು ಗೆರಸೆಯತ್ತ ಬಗ್ಗಿದೆ.

“ಎಲೆ ತುಂಬ ಒಣಗಿದೆ ಈ ಸಲ,” ಎಂದೆ.