ಜಯಶ್ರೀ ಮಾವನ ಫೋಟೋ ತೆಗೆದದ್ದು

ಜಯಶ್ರೀ ಕ್ಯಾಮೆರಾ ಕೊಳ್ಳುತ್ತೇನೆಂದಾಗ ಮೊದಲು ಬೈದವಳು ನಾನೇ. ಮಡ್ಕಯಿಯ ನಮ್ಮ ಕಾರ್ಖಾನೆಯಲ್ಲಿ ಅವಳು ಡಬ್ಬಿಗಳಿಗೆ ಲೇಬಲ್ ಹಚ್ಚುತ್ತಾಳೆ, ನಾನು ಸ್ಟೋರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಅವಳದು ಬಾದಾಮಿ ಕಡೆಯ ಹಳ್ಳಿ, ನನ್ನದು ಧಾರವಾಡ. ಅಕ್ಕತಂಗಿಯರಾಗಲು ಗೋವಾದಲ್ಲಿ ಅಷ್ಟು ಸಾಕು. ಹಬ್ಬದ ಬೋನಸ್ ಕೈಗೆ ಬಂದ ದಿನ "ಅಕ್ಕಾರ, ನನ್ನ ಜೋಡಿ ಪಣಜಿಗೆ ಬರ್ರಿ" ಎಂದಳು. ಬಂಗಾರದ ಅಂಗಡಿಗಿರಬೇಕು ಎಂದುಕೊಂಡು ಹೋದರೆ, ಹಳೆಯ ಕ್ಯಾಮೆರಾ ಮಾರುವ ಅಂಗಡಿಯ ಮುಂದೆ ನಿಲ್ಲಿಸಿದಳು.

"ಫೋನಿನ್ಯಾಗ ಕ್ಯಾಮೆರಾ ಅದ ಅಲ್ಲೇನ, ಹುಚ್ಚಿ?" ಎಂದೆ.

"ಫೋನು ದೂರದ್ದನ್ನ ದೂರಾನ ಇಡ್ತೈತ್ರೀ."

ಅಂಗಡಿಯವನು ಜೇಬಿನಲ್ಲಿ ಹಿಡಿಸುವಂಥ ಚಂದದ ಪುಟ್ಟ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟ. ಅವಳು ಒಂದನ್ನೂ ಮುಟ್ಟಲಿಲ್ಲ. "ಕೌನ್ಸಾ ಜಾಸ್ತಿ ದೂರ ದೇಖ್ತಾ?" ಎಂದು ತನ್ನ ಹರಕುಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು. ಕೊನೆಗೆ ಅವನು ಕಪಾಟಿನ ಮೇಲಿನಿಂದ ಕಪ್ಪನೆಯ ದಪ್ಪ ಕ್ಯಾಮೆರಾ ಇಳಿಸಿದ. ಲೆನ್ಸ್ ಬಿಚ್ಚಿ ಬದಲಿಸುವಂಥದ್ದಲ್ಲ. ಗುಂಡಿ ಒತ್ತಿದರೆ ಮೂತಿ ಝುಂಯ್ ಎಂದು ತಾನೇ ಮುಂದೆ ಬರುತ್ತಿತ್ತು. ಐವತ್ತು ಪಟ್ಟು ಝೂಮ್ ಅಂತೆ. ಕಲಿಯುವವರಿಗೆ ಇದೇ ಸಾಕು, ದುಬಾರಿ ಕ್ಯಾಮೆರಾದವರೂ ಇಷ್ಟು ದೂರ ನೋಡಲಾರರು ಎಂದ. ಅವಳು ಬೀದಿಯ ಕೊನೆಯಲ್ಲಿದ್ದ ಚರ್ಚಿನ ಶಿಲುಬೆಗೆ ಗುರಿಯಿಟ್ಟಳು. ಅದರ ಮೇಲೆ ಕುಳಿತಿದ್ದ ಕಾಗೆ ಪರದೆಯ ತುಂಬ ಬಂತು. ಅಲ್ಲಿಗೆ ವ್ಯಾಪಾರ ಮುಗಿಯಿತು.

ಕಾರ್ಖಾನೆಯ ಹೆಂಗಸರು ಬಿಟ್ಟಾರೆಯೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳದೆ, ಊಟದ ವಿರಾಮದಲ್ಲಿ ಬುತ್ತಿ ಬೇಗ ಮುಗಿಸಿ ಹಿಂದಿನ ಕಾಂಪೌಂಡಿಗೆ ಓಡುತ್ತಿದ್ದಳು. ನಮ್ಮದು ದಿಬ್ಬದ ಮೇಲಿನ ಕಾರ್ಖಾನೆ. ಕೆಳಗೆ ಗೋದಾಮುಗಳು, ಗದ್ದೆಗಳು, ಆಚೆ ಜುವಾರಿ ನದಿ. ಮೊದಲ ತಿಂಗಳು ಬಂದದ್ದೆಲ್ಲ ಕಲಸಿಟ್ಟ ಹಿಟ್ಟು. ಝೂಮ್ ಪೂರ್ತಿ ಎಳೆದರೆ ಉಸಿರಾಡಿದರೂ ಚಿತ್ರ ಅಲುಗುತ್ತದೆ. ನದಿಯಲ್ಲಿ ಅದಿರು ಸಾಗಿಸುವ ಬಾರ್ಜಿಗೆ ಗುರಿಯಿಟ್ಟರೆ ಬರೀ ನೀರು, ಹಕ್ಕಿಗೆ ಗುರಿಯಿಟ್ಟರೆ ಅದು ಎದ್ದುಹೋದ ಕೊಂಬೆ. ಮೋಡ ಕವಿದರಂತೂ ರವೆ ಚೆಲ್ಲಿದ ಹಾಗೆ ಚಿತ್ರವೆಲ್ಲ ಕಾಳುಕಾಳು. ಯಾರೂ ಹೇಳಿಕೊಡದೆ ಅವಳೇ ದಾರಿ ಕಂಡುಕೊಂಡಳು. ಮೊದಲು ಅಗಲಕ್ಕೆ ಹಿಡಿದು ಹಕ್ಕಿಯನ್ನು ನಡುವೆ ಇಟ್ಟುಕೊಂಡು ಆಮೇಲೆ ಮೆಲ್ಲಗೆ ಎಳೆಯಬೇಕು. ಗೋಡೆಯ ಮೇಲೆ ಜೋಳದ ಸಣ್ಣ ಗಂಟು ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಬೇಕು. ಸೂಜಿಗೆ ದಾರ ಪೋಣಿಸುವಾಗಿನಂತೆ ಉಸಿರು ಹಿಡಿಯಬೇಕು. ಶನಿವಾರಕ್ಕೊಮ್ಮೆ ಅವಳ ಕ್ಯಾಮೆರಾದ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದೆವು. ನಿಜ ಹೇಳುತ್ತೇನೆ, ಮೂರನೆಯ ತಿಂಗಳ ಮಿಂಚುಳ್ಳಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ದೂರ ನೋಡುವ ಈ ಚಪಲ ಅವಳಿಗೆ ಎಲ್ಲಿಂದ ಬಂತೆಂಬುದು ಅವಳ ಮನೆಗೆ ಹೋದ ಮೇಲೆ ತಿಳಿಯಿತು. ಎರಡು ಕೋಣೆಯ ಬಾಡಿಗೆ ಮನೆ. ಗಂಡ ಹುಲಿಗೆಪ್ಪ ಟಿಪ್ಪರ್ ಓಡಿಸುತ್ತಾನೆ, ಕಾಣಕೋಣದ ರಸ್ತೆ ಕೆಲಸದಲ್ಲಿದ್ದಾನೆ, ಮನೆಗೆ ಬರುವುದು ರವಿವಾರ ಮಾತ್ರ. ಉಳಿದ ದಿನ ಮನೆಯಲ್ಲಿ ಜಯಶ್ರೀ, ಒಂಬತ್ತು ವರ್ಷದ ಮಗಳು ಶ್ವೇತಾ, ಮಾವ ಅಮೀನಪ್ಪನವರು. ಅವರ ಮನೆತನದಲ್ಲಿ ಸೊಸೆ ಮಾವನ ಎದುರಿಗೆ ನಿಲ್ಲುವುದಿಲ್ಲ, ಮಾತಾಡುವುದಿಲ್ಲ, ತಲೆಯ ಸೆರಗು ಮೂಗಿನವರೆಗೆ ಇಳಿದಿರಬೇಕು. ಮಾವನೂ ಅಷ್ಟೇ, ಸೊಸೆಯ ಕಡೆ ಮುಖ ಎತ್ತುವ ಹಾಗಿಲ್ಲ. ಅವಳು ಬಂದರೆ ಕೆಮ್ಮಿ ಆ ಕಡೆ ತಿರುಗಬೇಕು. ಈ ಪದ್ಧತಿಯನ್ನು ಅವರು ಹತ್ತು ಹೆಜ್ಜೆಯ ಮನೆಯಲ್ಲಿ ಹನ್ನೆರಡು ವರ್ಷ ನಡೆಸಿದ್ದರು. ಇಬ್ಬರ ನಡುವಿನ ಟಪಾಲು ಶ್ವೇತಾ. ಅವಳು ಶಾಲೆಗೆ ಹೋದಾಗ ಜಯಶ್ರೀ ಗೋಡೆಗೆ ಹೇಳುತ್ತಿದ್ದಳು, "ಚಾ ಇಟ್ಟೈತಿ" ಎಂದು. ಹತ್ತಿರದ್ದನ್ನು ನೋಡಲು ಅವಳಿಗೆ ಅಪ್ಪಣೆಯಿರಲಿಲ್ಲ, ದೂರದ್ದನ್ನು ನೋಡಬೇಡವೆಂದು ಯಾರೂ ಹೇಳಿರಲಿಲ್ಲ.

ಇಂಥ ಪದ್ಧತಿ ಕಂಡರೆ ನನಗೆ ಮೈಯುರಿ. ಆದರೆ ಅಮೀನಪ್ಪನವರು ಸಂಜೆ ಮಿರ್ಚಿ ಭಜಿ ತಂದು ಮೊಮ್ಮಗಳ ಕೈಗಿಟ್ಟು "ಮೊದಲ ನಿಮ್ಮವ್ವಗ ಕೊಡು" ಎನ್ನುವುದನ್ನು ಕೇಳಿದ್ದೇನೆ. ಅವರ ಹಲ್ಲು ಬಿದ್ದಿವೆಯೆಂದು ಜಯಶ್ರೀ ರೊಟ್ಟಿಯನ್ನು ಬೇರೆಯಾಗಿ ಮೆತ್ತಗೆ ಬಡಿಯುವುದನ್ನೂ ನೋಡಿದ್ದೇನೆ. ಅಷ್ಟು ಪ್ರೀತಿಗೆ ಮುಖವೇ ಇರಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಅಮೀನಪ್ಪನವರು ದಿಬ್ಬದ ಕೆಳಗಿನ ಒಂದು ಗೋದಾಮಿನ ಗೇಟು ಕಾಯುತ್ತಿದ್ದರು, ಹಗಲು ಪಾಳಿ. ನಮ್ಮ ಕಾಂಪೌಂಡಿನಿಂದ ನೋಡಿದರೆ ಅವರು ಕಡ್ಡಿಯಷ್ಟು ಕಾಣುತ್ತಿದ್ದರು. ಒಂದು ಮಧ್ಯಾಹ್ನ ಮಿಂಚುಳ್ಳಿ ಆ ಗೇಟಿನ ಮೇಲಿನ ತಂತಿಗೆ ಬಂದು ಕುಳಿತಿತ್ತು. ಹಕ್ಕಿ ಹಾರಿಹೋಯಿತು. ಜಯಶ್ರೀ ಕ್ಯಾಮೆರಾವನ್ನು ಒಂದಿಷ್ಟು ಕೆಳಗಿಳಿಸಿದಳು. ಆಮೇಲೆ ನನಗೆ ಹೇಳುವಾಗ, ಕೈ ಜಾರಿತೆಂದು ಅವಳು ಸುಳ್ಳು ಹೇಳಲಿಲ್ಲ. "ನಮ್ಮ ಮಾವಾರ ಮಾರಿ ಹೆಂಗೈತಿ ಅಂತ ಒಮ್ಮೆ ನೋಡಬೇಕನಿಸ್ತ್ರಿ" ಎಂದಳು. ಗುಂಡಿ ಒತ್ತುವ ಗಳಿಗೆಗೆ ಸರಿಯಾಗಿ ಅಮೀನಪ್ಪನವರು ತಲೆಯೆತ್ತಿ ನೇರವಾಗಿ ಇವಳತ್ತಲೇ ನೋಡಿದರು. ರೆಪ್ಪೆ ಬಡಿಯದೆ ನೋಡುತ್ತಲೇ ಇದ್ದರು.

ಝೂಮಿನಲ್ಲಿ ನಮಗೆ ಹತ್ತಿರ ಕಂಡವರು ನಮ್ಮನ್ನೂ ಅಷ್ಟೇ ಹತ್ತಿರದಿಂದ ನೋಡುತ್ತಿದ್ದಾರೆ ಎಂದು ಹೊಸಬರಿಗೆ ಅನ್ನಿಸುತ್ತದೆ. ಇವಳಿಗೂ ಅನ್ನಿಸಿತು. ಸಿಕ್ಕಿಬಿದ್ದೆ ಎಂದು ಕ್ಯಾಮೆರಾವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಎರಡು ದಿನ ಮಾವನ ತಾಟನ್ನೂ ಮಗಳ ಕೈಯಲ್ಲೇ ಕಳಿಸಿದಳು. ಅವರು ಏನೂ ಅನ್ನಲಿಲ್ಲ; ಅನ್ನದಿದ್ದುದೇ ಅವಳಿಗೆ ದೊಡ್ಡ ಸಿಟ್ಟಾಗಿ ಕಂಡಿತು. ಮೂರನೆಯ ದಿನ ನನ್ನ ಮೇಜಿನ ಮುಂದೆ ನಿಂತು ಅಳತೊಡಗಿದಳು.

"ಆ ಫೋಟೋ ಅಳಿಸಿ ಬಿಡ್ರಿ ಅಕ್ಕಾರ. ಅದನ್ನ ನೋಡಾಕ ನನಗ ಧೈರ್ಯ ಇಲ್ರಿ."

ಅಳಿಸುವ ಮೊದಲು ನಾನು ನೋಡದೆ ಬಿಡುವವಳೇ? ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಬಿಸಿಲಿಗೆ ಸುಟ್ಟ ಸಾದಾ ಮುಖ, ಬಿಳಿ ಮೀಸೆ. ಎರಡೂ ಕಣ್ಣುಗಳಲ್ಲಿ ಕರಿ ಗೊಂಬೆ ಇರಬೇಕಾದಲ್ಲಿ ಹಾಲಿನ ಕೆನೆ ಕಟ್ಟಿದ ಹಾಗೆ ಬೆಳ್ಳಗಿತ್ತು. ನನ್ನ ತಾಯಿಗೂ ಇದೇ ಪೊರೆ ಬಂದಿತ್ತು, ಗುರುತು ಹಿಡಿಯಲು ನನಗೆ ಹೊತ್ತು ಬೇಕಾಗಲಿಲ್ಲ.

"ಜಯಶ್ರೀ, ಅವರು ನಿನ್ನ ನೋಡಿಲ್ಲ. ಅವರಿಗೆ ಕಣ್ಣೇ ಕಾಣಸೂದಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಆ ಮನೆಯಲ್ಲಿ ಬೇಕಾಗಿತ್ತು. ಮಾವ ಲೋಟ ಎತ್ತುವ ಮುಂಚೆ ನೆಲ ತಡವುತ್ತಿದ್ದದ್ದು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟೇ ಬೀದಿಗಿಳಿಯುತ್ತಿದ್ದದ್ದು, ಬಸ್ಸಿನ ಬೋರ್ಡನ್ನು ಅವಳಿಂದಲೇ ಓದಿಸುತ್ತಿದ್ದದ್ದು ಎಲ್ಲ ಜಯಶ್ರೀಗೆ ಒಂದೊಂದಾಗಿ ಹೊಳೆಯಿತು. ಅದನ್ನೆಲ್ಲ ಅಕ್ಕರೆ ಎಂದುಕೊಂಡಿದ್ದಳು. ಈಗ ಅವಳಿಗೆ ಬೇರೆ ಭಯ ಶುರುವಾಯಿತು. ಆ ಗೇಟಿನಲ್ಲಿ ದಿನಕ್ಕೆ ಇಪ್ಪತ್ತು ಲಾರಿಗಳು ಹಿಂದೆಮುಂದೆ ಮಾಡುತ್ತವೆ; ಅವನ್ನೆಲ್ಲ ಅಮೀನಪ್ಪನವರು ಬರೀ ಸದ್ದಿನ ಮೇಲೆ ಒಳಗೆ ಬಿಡುತ್ತಿದ್ದರು.

ರವಿವಾರ ಗಂಡನಿಗೆ ಫೋಟೋ ತೋರಿಸಿದಳು. "ಬಿಸಲ ಬಿದ್ದೈತಿ, ಅದಕ್ಕ ಬೆಳ್ಳಗ ಕಾಣತೈತಿ" ಎಂದ ಆ ಜಾಣ. ಆದರೂ ಅಪ್ಪನನ್ನು ಕೇಳಿದ. "ನನಗ ಎಲ್ಲಾ ಕಾಣತೈತಿ. ಗೇಟ್ ಬಿಡಿಸಿ ಮೂಲಿಗೆ ಕೂಡಸಬೇಕಂತ ಮಾಡೀಯೇನು?" ಎಂದು ಅವರು ರೇಗಿದರು. ಹುಲಿಗೆಪ್ಪನಿಗೂ ಅದೇ ಬೇಕಾಗಿತ್ತು. ನೆಮ್ಮದಿಯಿಂದ ಟಿಪ್ಪರಿಗೆ ಹೋದ.

ಸೋಮವಾರ ಮಗಳು ಶಾಲೆಗೆ ಹೋದ ಮೇಲೆ ಅಮೀನಪ್ಪನವರು ಹೊಸ್ತಿಲ ಹತ್ತಿರ ಚಹಾ ಕುಡಿಯುತ್ತಾ ಕುಳಿತಿದ್ದರು. ಜಯಶ್ರೀ ತಲೆಯ ಸೆರಗು ತೆಗೆದು ಹೆಗಲಿಗೆ ಹಾಕಿದಳು, ಸದ್ದಾಗದಂತೆ ಬಳೆಗಳನ್ನು ಮೇಲಕ್ಕೆ ಏರಿಸಿದಳು, ಒಳಗಿನಿಂದ ಬಂದು ಅವರಿಂದ ಎರಡು ಮೊಳದಲ್ಲಿ ನಿಂತಳು. ಕಣ್ಣು ಕಾಣುತ್ತಿದ್ದರೆ ಅವರು ಕೆಮ್ಮಿ ಮುಖ ತಿರುಗಿಸಬೇಕಿತ್ತು, ಇಲ್ಲವೆ ಗದರಿಸಿ ಏಳಬೇಕಿತ್ತು. ಅವರು ಸೊರ್ರೆಂದು ಇನ್ನೊಂದು ಗುಟುಕು ಕುಡಿದರು.

"ಮಾವಾರ" ಎಂದಳು. ಹನ್ನೆರಡು ವರ್ಷದಲ್ಲಿ ಅವರೊಡನೆ ಆಡಿದ ಮೊದಲ ಮಾತು ಅದು. "ನಾ ನಿಮ್ಮ ಎದುರಿಗೇ ನಿಂತೀನ್ರಿ. ತಲಿ ಮ್ಯಾಲ ಸೆರಗಿಲ್ರಿ."

ಚಹಾ ಧೋತರದ ಮೇಲೆ ಚೆಲ್ಲಿತು. ಅಮೀನಪ್ಪನವರು ಗಡಬಡಿಸಿ ಮುಖ ತಿರುಗಿಸಲು ಹೋದರು, ಯಾವ ಕಡೆ ತಿರುಗಬೇಕೆಂದು ತಿಳಿಯದೆ ಹಾಗೇ ಉಳಿದರು. ನೆಲ ತಡವಿ ಲೋಟ ಇಟ್ಟು ಕೇಳಿದರು.

"ಗೇಟ್ ಹೋದರ ನಾ ಏನ ಮಾಡ್ಲೆವ್ವಾ? ನಿಮ್ಮ ಮ್ಯಾಲ ಕುಂತ ಉಣ್ಣೂದಾ?"

"ಕುಂತ ಉಣ್ರಿ. ನೀವು ಲಾರಿ ಅಡಿಯಾಗ ಹೋದ್ರ ನಾ ಯಾರಿಗೆ ರೊಟ್ಟಿ ಬಡೀಲ್ರಿ?"

ಅಮೀನಪ್ಪನವರು ಅತ್ತರಂತೆ. ಅದನ್ನು ಹೇಳುವಾಗ ಇವಳೂ ಅತ್ತಳು, ಕೇಳುತ್ತಾ ನಾನೂ ಅತ್ತೆ. ಅದೇ ವಾರ ಸರಕಾರಿ ಆಸ್ಪತ್ರೆಗೆ ಹೋದರು, ಮುಂದಿನ ತಿಂಗಳು ಒಂದು ಕಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚುವ ದಿನ ಹುಲಿಗೆಪ್ಪನಿಗೆ ರಜೆ ಸಿಗಲಿಲ್ಲ, ಜೊತೆಗೆ ನಾನು ಹೋದೆ. ನರ್ಸ್ ಪಟ್ಟಿ ತೆಗೆದು, ಕಣ್ಣು ಒರೆಸಿ, ಎರಡು ಬೆರಳು ತೋರಿಸಿ "ಕಿತನಾ?" ಎಂದಳು. "ದೋನ್" ಎಂದರು ಅಮೀನಪ್ಪನವರು. ಕಿಟಕಿ ನೋಡಿದರು, ತಮ್ಮ ಅಂಗೈ ನೋಡಿಕೊಂಡರು, ನನ್ನನ್ನು ನೋಡಿ ಕೈ ಮುಗಿದರು. ಜಯಶ್ರೀ ಮಾತ್ರ ಮತ್ತೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು. ನನಗೆ ಸಿಟ್ಟು ಬಂತು, ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ಯವ್ವಾ, ಇತ್ಲಾಗ ತಿರುಗು. ಕಾಣದಾಗ ಎದುರಿಗೆ ನಿಂತಿದ್ದಿ. ಈಗ ಕಾಣಾಕತ್ತೈತಿ, ಈಗ ನಿಲ್ಲು."

ಅವಳು ನಿಧಾನವಾಗಿ ತಿರುಗಿದಳು. ಸೆರಗು ಸರಿಸಿದಳು. ಅಮೀನಪ್ಪನವರು ಆ ಒಂದು ಕಣ್ಣಿನಿಂದ ಅವಳನ್ನು ಬಹಳ ಹೊತ್ತು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮ ಹುಡಿಗಿ ಭಾಳ ಸೊರಗ್ಯಾಳಲ್ರೀ, ಬಾಯಾರ" ಎಂದರು.