ಬಲಗಡೆಯ ಗಾಜು

ಪ್ರೊಕೋಪಿಯ ವ್ಯಾನು ಅಕ್ಟೋಬರಿನಲ್ಲಿ ಚಾಲೂ ಆದರೆ ಏಪ್ರಿಲ್‌ವರೆಗೆ ಆರುವುದಿಲ್ಲ. ಆರಿಸಿದರೆ ಅದು ವ್ಯಾನಲ್ಲ, ಸ್ಮಾರಕ. ಎಂಜಿನ್ನೇ ಹೆಪ್ಪುಗಟ್ಟುವ ಚಳಿಯ ಯಾಕೂತಿಯಾದ ಆ ಹಳ್ಳಿಯಲ್ಲಿ ಅಂಥ ಸ್ಮಾರಕಗಳು ನಾಲ್ಕಿವೆ. ಒಂದರ ಮುಂದೆ ಪರವೂರಿನವನೊಬ್ಬ ಟೋಪಿ ತೆಗೆದು ತಲೆಬಾಗಿದ್ದೂ ಉಂಟು. ಟೋಪಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅವನ ಒಂದು ಕಿವಿ ಅಲ್ಲೇ ಉಳಿಯಿತಂತೆ. ನೆರೆಮನೆಯ ಸ್ಪಿರಿಡೋನ್ ಊಟಕ್ಕೆ ಕೂರುವ ಮುಂಚೆ ಹೆಪ್ಪುಗಟ್ಟಿದ ಮೀಸೆ ಮುರಿದು ಮೊಳೆಗೆ ನೇತುಹಾಕುತ್ತಾನೆ.

ಇಂಥ ಚಳಿಯಲ್ಲಿ ವ್ಯಾನಿನ ಕಿಟಕಿಗೆ ಒಂದು ಗಾಜು ಸಾಲದು. ಒಳಗಿನವರ ಉಸಿರೆಲ್ಲ ಅದಕ್ಕೆ ಮೆತ್ತಿಕೊಂಡು ಹಿಮವಾಗುತ್ತದೆ. ಅದಕ್ಕೇ ಚಳಿಗಾಲ ಬಲಿಯುವ ಮೊದಲು ಒಳಬದಿಯಲ್ಲಿ ಇನ್ನೊಂದು ಗಾಜು ಅಂಟಿಸುತ್ತಾರೆ. ನಡುವೆ ಸಿಕ್ಕಿಕೊಳ್ಳುವ ಗಾಳಿ ಒಣಗಿರಬೇಕು. ಅಂಟಿಸುವಾಗ ಮಾತಾಡಬಾರದು, ಉಸಿರು ಬಿಗಿ ಹಿಡಿಯಬೇಕು. ಅರ್ಧ ಊರಿಗೆ ಗಾಜು ಕೂರಿಸಿದವನು ಪ್ರೊಕೋಪಿ. ಅವನು ಕೂರಿಸಿದ ಗಾಜಿನ ನಡುವೆ ಒಂದು ಚುಕ್ಕೆ ಹಿಮ ಕಂಡವರಿಲ್ಲ.

ಅವನ ಹೆಂಡತಿ ಅಕುಲೀನಾ ಮಾತಿಗೆ ನಿಂತರೆ ಕೆಟಲಿನ ನೀರು ತಾನಾಗಿ ಕುದಿಯುತ್ತಿತ್ತು. ನಲವತ್ತು ವರ್ಷ, ಪ್ರತಿ ಅಕ್ಟೋಬರಿನಲ್ಲೂ, ಗಾಜು ಕೈಗೆತ್ತಿಕೊಂಡಾಗ ಅವನು ಹೇಳುತ್ತಿದ್ದುದು ಒಂದೇ: "ಬಾಯ್ಮುಚ್ಚೇ."

ಕಳೆದ ಅಕ್ಟೋಬರಿನಲ್ಲಿ ಮಾತ್ರ ಹೇಳಲಿಲ್ಲ. ಅವಳು ಬರುವ ವಸಂತ ಕಾಣುವುದಿಲ್ಲ ಎಂದು ಆ ಬೆಳಿಗ್ಗೆಯೇ ಜಿಲ್ಲಾ ಆಸ್ಪತ್ರೆಯ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ತಿಳಿಸಿದ್ದರು. ಅವಳು ಚಾಲಕನ ಪಕ್ಕದ ಬಲಗಡೆಯ ಸೀಟಿನಲ್ಲಿ ಕೂತು ಹಾಲು ಹಾಕಿದ ಚಹಾ ಹೀರುತ್ತಾ, ನಾದಿನಿ ಕೊಟ್ಟ ಮೀನು ಹಳಸಲು ಎಂದು ಶುರುಮಾಡಿ, ನಾದಿನಿಯ ಮದುವೆಯವರೆಗೂ ಹಿಂದಕ್ಕೆ ಹೋಗಿದ್ದಳು.

"ಯಾಕೋ ಇವತ್ತು ಬೈತಾನೇ ಇಲ್ಲ?" ಎಂದಳು. "ಗಾಜು ಕೆಟ್ಟೋದ್ರೆ ಆಮೇಲೆ ನನ್ನ ಅನ್ಬೇಡ."

"ಕೆಡಲಿ ಬಿಡು. ಹೇಳು, ಆ ಮದ್ವೇಲಿ ಏನಾಯ್ತು?"

ಅವಳು ಹೇಳಿದಳು. ಅವನು ಅಂಟಿಸಿದ.

ಡಿಸೆಂಬರಿನಲ್ಲಿ ಅಕುಲೀನಾ ತೀರಿಕೊಂಡಳು. ಅಷ್ಟರಲ್ಲಿ ಬಲಗಡೆಯ ಎರಡು ಗಾಜುಗಳ ನಡುವೆ ಅವಳ ಉಸಿರು ಜರಿಗಿಡದ ಎಲೆಗಳ ಹಾಗೆ ಹರಡಿ ಬಿಳಿ ಕಟ್ಟಿತ್ತು. ಅದನ್ನು ಒಳಗಿನಿಂದ ಕೆರೆಯಲಾಗದು, ಹೊರಗಿನಿಂದಲೂ ಆಗದು. ಪ್ರೊಕೋಪಿಗೆ ಕೆರೆಯುವ ಮನಸ್ಸೂ ಇರಲಿಲ್ಲ. ಖಾಲಿ ರಸ್ತೆಯಲ್ಲಿ ಅದರ ಕಡೆ ತಿರುಗಿ, "ಆಮೇಲೆ?" ಎನ್ನುತ್ತಿದ್ದ.

ವ್ಯಾನು ಮಾತ್ರ ಅವನದಲ್ಲ, ಊರಿನ ಚಿಕಿತ್ಸಾಲಯದ್ದು; ಅವನು ಅದರ ಚಾಲಕ. ಜನವರಿಯಲ್ಲಿ, ತುಂಬು ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯುವಾಗ, ಬಲಗಡೆಯಿಂದ ಬಂದ ಮರದ ದಿಮ್ಮಿಗಳ ಲಾರಿ ಅವನಿಗೆ ಕಾಣಲೇ ಇಲ್ಲ. ಒಂದು ಗೇಣಿನಲ್ಲಿ ತಪ್ಪಿತು. ಮರುದಿನ ನರ್ಸ್ ವರ್ವಾರಾ ಬಂದು ಆ ಗಾಜನ್ನೇ ನೋಡುತ್ತಾ ನಿಂತಳು.

"ಪ್ರೊಕೋಪಿ ಮಾವ, ಅದು ಯಾರ ಉಸಿರು ಅಂತ ಊರಿಗೆಲ್ಲ ಗೊತ್ತು. ಆದ್ರೆ ನಿನ್ನೆ ಹಿಂದಿನ ಸೀಟಲ್ಲಿ ಎರಡು ಜೀವ ಉಸಿರಾಡ್ತಿದ್ವು."

ಪ್ರೊಕೋಪಿ ಕೈಗವಸಿನಿಂದ ಬಲಗಡೆಯ ಬಾಗಿಲ ಹಿಡಿ ಒರೆಸಿದ.

"ಸೋಮವಾರದೊಳಗೆ ಗಾಜು ಬದಲಾಗ್ಲಿ. ಇಲ್ಲಾಂದ್ರೆ ಬೀಗದಕೈ ಕೊಟ್ಬಿಡು."

ಸ್ಪಿರಿಡೋನ್ ತನ್ನ ಗ್ಯಾರೇಜಿನಲ್ಲಿ ಒಲೆ ಹಚ್ಚಿಟ್ಟ. "ಒಳಗೆ ತಾರೋ. ಅರ್ಧ ಗಂಟೇಲಿ ಕರಗಿ ನೀರಾಗುತ್ತೆ."

"ಕರಗೋದು ಬೇಡ. ಇಲ್ಲೇ ತೆಗೀತೀನಿ."

"ಮೈನಸ್ ಐವತ್ತೊಂದು ಕಣೋ. ಬೆರಳು ಉದುರಿದ್ರೆ ಯಾರು ಆರಿಸ್ತಾರೆ, ನಿಮ್ಮಪ್ಪನಾ?"

ಪ್ರೊಕೋಪಿ ಬಯಲಲ್ಲೇ, ಒಳಗಿನ ಬಿಸಿ ಹೋಗಲೆಂದು ವ್ಯಾನಿನ ಒಂದು ಬಾಗಿಲು ತೆರೆದಿಟ್ಟು, ಕಾಯಿಸಿದ ಚೂರಿಯಿಂದ ಅಂಟನ್ನು ಸುತ್ತಲೂ ಕೊಯ್ದ. ಉಸಿರು ಬಿಗಿ ಹಿಡಿದು ಒಳಗಿನ ಗಾಜನ್ನು ಎತ್ತಿದ. ಎಲೆಗಳು ಒಂದೂ ಮುರಿಯದೆ ಹೊರಗಾಜಿನ ಮೇಲೆ ನಿಂತಿದ್ದವು. ಅಷ್ಟು ಹತ್ತಿರದಿಂದ ಅವನು ಅವನ್ನು ನೋಡಿದ್ದು ಅದೇ ಮೊದಲು. ನೋಡುತ್ತಾ ನೋಡುತ್ತಾ ಎಪ್ಪತ್ತರ ಎದೆ ಸೋತಿತು. ಹಿಡಿದ ಉಸಿರು ಭಸ್ ಎಂದು ಹೊರಬಿತ್ತು. ಅದು ಎಲೆಗಳ ಮೇಲೆ ಕೂತು ಅಲ್ಲೇ ಹೆಪ್ಪುಗಟ್ಟಿತು. ಯಾವುದು ಅವಳದ್ದು, ಯಾವುದು ತನ್ನದು, ಇನ್ನು ಹೇಳುವ ಹಾಗಿರಲಿಲ್ಲ.

ಸ್ಪಿರಿಡೋನ್ ಕೆರೆಯುವ ಪಟ್ಟಿ ಚಾಚಿದ. ಪ್ರೊಕೋಪಿ ಎಲ್ಲವನ್ನೂ ಕೆರೆದ. ಒಂದು ಹಿಡಿ ಪುಡಿಯೂ ಆಗಲಿಲ್ಲ.

ಆಮೇಲೆ ಗ್ಯಾರೇಜಿನಲ್ಲಿ ಹೊಸ ಗಾಜು ಅಂಟಿಸಿದ. "ಬಾಯ್ಮುಚ್ಚು" ಎಂದು ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಗಾಜು ಚೆನ್ನಾಗಿ ಕೂತಿತು. ಸೋಮವಾರ ಆ ಗಾಜಿನಾಚೆಯ ಬಲಗನ್ನಡಿಯಲ್ಲಿ ಹಿಂದಿನ ರಸ್ತೆ ಮೈಲಿಗಟ್ಟಲೆ ನಿಚ್ಚಳವಾಗಿ ಕಾಣುತ್ತಿತ್ತು. ಅದರ ಮೇಲೆ ಯಾರೂ ಬರುತ್ತಿರಲಿಲ್ಲ.